ಬಿಡಿಸಿಕೊಂಡು ಬಂದ ಬಳೆ: ನಿಮ್ಮ ಬಾಳಿನಲ್ಲಿ ವಿಮೋಚನೆ ಅಂದರೆ ಏನು?

ಮಂಡ್ಯದ ಮಗ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಇವತ್ತು ಬರೆದೇ ಬಿಡುತ್ತೇನೆ.

ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ತಾತನ ಕಾಲದಿಂದಲೂ ಕಥೋಲಿಕರು. "ವಿಮೋಚನೆ" ಅನ್ನೋ ಪದ ಮಾತು ಬರುವ ಮೊದಲೇ ನನ್ನ ಕಿವಿಗೆ ಬಿದ್ದಿರಬೇಕು. ಪೂಜೆಯಲ್ಲಿ, ಯೇಸುವಿನ ಕೊನೆಯ ಪಯಣ ನೆನೆಯುವ ಶಿಲುಬೆ ಹಾದಿಯಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಪ್ರಸಂಗದಲ್ಲಿ. ಯೇಸುಸ್ವಾಮಿ ನಮ್ಮನ್ನು ವಿಮೋಚಿಸಿದರು ಅಂತ ನೂರಾರು ಸಲ ಹೇಳಿದ್ದೇನೆ. ಆದರೆ ಅದು ನನಗೆ ಚರ್ಚಿನ ಒಳಗೆ ಮಾತ್ರ ಇದ್ದ ಪದ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದ ಮೇಲೆ ನೆನಪಿಗೆ ಬರುತ್ತಿರಲಿಲ್ಲ.

ಆರು ವರ್ಷದ ಹಿಂದೆ ನಾನು ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗಿಗೆ ಬಿದ್ದೆ. ಮೊದಲು ನೂರು, ಇನ್ನೂರು. ಆಮೇಲೆ ಕೈಸಾಲ. ಕೊನೆಗೆ ಒಂದು ದಿನ ಬೀರು ತೆಗೆದು ಅವ್ವನ ಎರಡು ಬಳೆ ಎತ್ತಿಕೊಂಡು ಹೋದೆ. 24 ಗ್ರಾಂ. ಗಿರವಿ ಅಂಗಡಿಯಲ್ಲಿ 70,000ಕ್ಕೆ ಇಟ್ಟೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಒಂದು ವಾರದಲ್ಲಿ ಬಿಡಿಸಿಬಿಡುತ್ತೇನೆ ಅಂತ ನಂಬಿದ್ದೆ. ಹತ್ತು ತಿಂಗಳು ದಾಟಿತು.

ನೆಂಟರ ಮದುವೆಗೆ ಹೊರಡುವಾಗ ಅವ್ವ ಬೀರು ನೋಡಿದಳು. ಬಳೆ ಇಲ್ಲ. ಮನೆಯೆಲ್ಲ ಹುಡುಕಿದಳು. ಅಕ್ಕಿ ಡಬ್ಬ ಕೂಡ ಸುರಿದು ನೋಡಿದಳು. ನಾನೂ ಅವಳ ಜೊತೆ ಹುಡುಕಿದೆ. ಹೌದು, ಹುಡುಕಿದ ಹಾಗೆ ಮಾಡಿದೆ. ಆ ಮಂಗಳವಾರ ಅವ್ವ ನನ್ನನ್ನು ಕರೆದುಕೊಂಡು ಕೆ.ಆರ್. ನಗರದ ಕಡೆಯ ಡೋರ್ನಹಳ್ಳಿಗೆ ಹೋದಳು. ಸಂತ ಅಂತೋಣಿಯವರ ಪುಣ್ಯಕ್ಷೇತ್ರ. ರೈತನೊಬ್ಬ ಹೊಲ ಉಳುವಾಗ ಮಣ್ಣಿನಲ್ಲಿ ಸಿಕ್ಕಿತು ಅನ್ನುವ ಅವರ ಪ್ರತಿಮೆ ಅಲ್ಲಿದೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಅಂತ ನಮ್ಮ ಜನರ ನಂಬಿಕೆ. ಅವ್ವ ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿ ನಿಂತಳು. ಅವಳ ಪಕ್ಕದಲ್ಲೇ ನಾನು ನಿಂತಿದ್ದೆ. ಬಳೆ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಗಿರವಿ ಚೀಟಿ ನನ್ನ ಜೇಬಿನಲ್ಲೇ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದೆ. "ನಾನೇ ಇಟ್ಟಿದ್ದು ಕಣವ್ವ." ಅಷ್ಟೇ ಹೇಳಲು ಆಗಿದ್ದು. ಅವ್ವ ತುಂಬಾ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಳು. ಆಮೇಲೆ ಒಂದೇ ಒಂದು ಮಾತು ಕೇಳಿದಳು. "ಎಷ್ಟಕ್ಕೆ ಮಡಗಿದ್ದೀಯ?"

ನಮಗೆ ಆಗ ಒಂದು ಹಸು ಇತ್ತು, ಕೆಂಪಿ. ಡೈರಿಗೆ ಹಾಲು ಹಾಕಿದ ದುಡ್ಡಿನಲ್ಲೇ ಮನೆ ನಡೆಯುತ್ತಿದ್ದದ್ದು. ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರ ಅವ್ವ ಕೆಂಪಿಯನ್ನು ಕರುವಿನ ಸಮೇತ 65,000ಕ್ಕೆ ಕೊಟ್ಟಳು. ಸ್ತ್ರೀಶಕ್ತಿ ಸಂಘದಲ್ಲಿ ಉಳಿಸಿದ್ದು ಸೇರಿಸಿದಳು. ನನ್ನನ್ನೂ ಕರೆದುಕೊಂಡು ಗಿರವಿ ಅಂಗಡಿಗೆ ಹೋದಳು. ಅಸಲು, ಹನ್ನೊಂದು ತಿಂಗಳ ಬಡ್ಡಿ, ಎಲ್ಲಾ ಸೇರಿ 85,400. ಅಂಗಡಿಯವರು ಎಣಿಸಿ, ಚೀಟಿ ಮೇಲೆ ಗೀಟು ಎಳೆದು, "ತೀರಿತಮ್ಮ" ಅಂದರು. ಅವ್ವ ಬಳೆ ಕೈಗೆ ಹಾಕಿಕೊಳ್ಳಲಿಲ್ಲ. ಚೀಲದಲ್ಲಿ ಇಟ್ಟುಕೊಂಡಳು.

ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೂಟ ಇತ್ತು, ಹಗ್ಗ ಇತ್ತು, ಹಸು ಇರಲಿಲ್ಲ. ಹಾಲಿನ ಪ್ಯಾಕೆಟ್ ತರಲು ಅಂಗಡಿಗೆ ಹೋದವನು ನಾನೇ.

ಆವತ್ತು ನನಗೆ ಮೊದಲ ಸಲ ಅನ್ನಿಸಿತು, ಫಾದರ್ ಹೇಳುವ ವಿಮೋಚನೆ ಅಂದರೆ ಇದೇ ಇರಬೇಕು. ನಾವು ದಿನಾ ಆಡುವ "ಬಿಡಿಸಿಕೊಂಡು ಬಂದೆ" ಅನ್ನೋ ಮಾತೇ ಅದು. ಇಟ್ಟವನು ನಾನು, ತೆತ್ತವಳು ಅವಳು. ಆಮೇಲೆ ಬೆಟ್ಟಿಂಗ್ ಕಡೆ ತಲೆ ಹಾಕಿಲ್ಲ. ಆದರೂ ಖಾಲಿ ಕೊಟ್ಟಿಗೆ ನೋಡಿದಾಗಲೆಲ್ಲ ಹೊಟ್ಟೆ ಹಿಂಡುತ್ತದೆ. ಬಿಡುಗಡೆ ಆದವನಿಗೆ ಹೀಗೆ ಆಗಬೇಕಾ? ನನ್ನ ನಂಬಿಕೆಯಲ್ಲೇ ಏನೋ ಕಮ್ಮಿ ಇದೆಯಾ?

ಪಾಠ ಬೇಡ, ದಯವಿಟ್ಟು. ನಿಮ್ಮ ನಿಮ್ಮ ಬಾಳಿನಲ್ಲಿ ಈ ಪದಕ್ಕೆ ಏನು ಅರ್ಥ ಸಿಕ್ಕಿದೆ, ಅದನ್ನು ಹೇಳಿ.

ಅಶೋಕ ರಸ್ತೆ ಅಕ್ಕ

ತಮ್ಮಾ, ನಿನ್ನ ನಂಬಿಕೆಯಲ್ಲಿ ಏನೂ ಕಮ್ಮಿ ಇಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಮೈಸೂರಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಈಗ ನಿವೃತ್ತಿ. ಸಂತ ಫಿಲೋಮಿನಾ ಚರ್ಚಿನಲ್ಲಿ ಹಿಂದಿನ ಬೆಂಚು ನನ್ನ ಜಾಗ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು, 175 ಅಡಿ ಎತ್ತರದ ಜೋಡಿ ಗೋಪುರ. ಪ್ರವಾಸಿಗಳು ಕತ್ತೆತ್ತಿ ಅದನ್ನು ನೋಡುತ್ತಾರೆ. ನಾನು ಎಷ್ಟೋ ವರ್ಷ ಅಲ್ಲಿಗೆ ತಲೆ ತಗ್ಗಿಸಿಕೊಂಡೇ ಹೋದವಳು.

ಕೆಲಸಕ್ಕೆ ಸೇರಿದ ಹೊಸದು. ರಾತ್ರಿ ಪಾಳಿ. ಕೊನೆಯ ಮಂಚದ ಅಜ್ಜಿ ಎರಡು ಸಲ ಕರೆದರು. ಸುಮ್ನೆ ಕರೆಯುತ್ತಾರೆ ಅಂದುಕೊಂಡು ನಾನು ಹೋಗಲಿಲ್ಲ. ಬೆಳಗಿನ ಜಾವ ನೋಡಿದಾಗ ಅವರು ಇರಲಿಲ್ಲ. ನೀವು ಹೋಗಿದ್ದರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರು. ಇರಬಹುದು. ಆದರೆ ಅವರು ಒಬ್ಬರೇ ಹೋಗಬೇಕಾಗಿರಲಿಲ್ಲ ಅಲ್ವಾ?

ಪಾಪನಿವೇದನೆಗೆ, ಅಂದರೆ ಗುರುಗಳ ಹತ್ತಿರ ತಪ್ಪು ಒಪ್ಪಿಕೊಳ್ಳಲು, ಹೋಗಿ ಹೇಳಿಕೊಂಡೆ. ಕ್ಷಮೆಯ ಮಾತು ಕೇಳಿಸಿಕೊಂಡೆ. ಎದೆ ಹಗುರ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹೊರಗೆ ಬರುವಾಗ ಆ ವಯಸ್ಸಾದ ಗುರುಗಳು ಕೇಳಿದರು, "ಇವತ್ತು ರಾತ್ರಿ ಡ್ಯೂಟಿ ಇದೆಯಾ?" ಇದೆ ಅಂದೆ. "ಹಾಗಾದರೆ ಹೋಗಮ್ಮ. ಕಾಯುತ್ತಿರುತ್ತಾರೆ" ಅಂದರು.

ನನ್ನ ವಿಮೋಚನೆ ಆ ಮಾತಿನಲ್ಲಿ ಇತ್ತು. ಅದೇ ವಾರ್ಡಿಗೆ ನನ್ನನ್ನು ತಿರುಗಿ ಕಳಿಸಿದರು.

ಯೊವಾನ್ನನ ಶುಭಸಂದೇಶದಲ್ಲಿ ಒಂದು ಸಣ್ಣ ವಿಷಯ ಇದೆ. ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದದ್ದು ಇದ್ದಿಲು ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನ ಆದ ಮೇಲೆ ಯೇಸು ಕೆರೆ ದಡದಲ್ಲಿ ಮೀನು ಸುಡುತ್ತಾ ಅವನಿಗೆ ಕಾದಿದ್ದಾರಲ್ಲ, ಅಲ್ಲೂ ಇದ್ದಿಲು ಬೆಂಕಿಯೇ. ಮೂಲ ಗ್ರೀಕಿನಲ್ಲಿ ಆ ಪದ ಹೊಸ ಒಡಂಬಡಿಕೆಯಲ್ಲೆಲ್ಲಾ ಈ ಎರಡೇ ಕಡೆ ಬರುತ್ತದೆ. ಆ ಹೊಗೆಯ ವಾಸನೆಗೆ ಪೇತ್ರನಿಗೆ ಏನೇನು ನೆನಪಾಗಿರಬೇಡ? ಅಲ್ಲೇ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಅಂತ ಕೇಳಿ, ಮೂರು ಸಲವೂ ಕುರಿ ಕಾಯುವ ಕೆಲಸ ಕೊಟ್ಟರು. ಅವನು ಮಾಡಿದ್ದನ್ನು ಮರೆಸಲಿಲ್ಲ. ಅದೇ ಜಾಗದಲ್ಲಿ ನಿಲ್ಲಿಸಿ ನಂಬಿದರು.

ನಿನ್ನ ಕೊಟ್ಟಿಗೆಯೂ ಹಾಗೇ ಇರಬಹುದು ತಮ್ಮಾ. ನೋಡಿದಾಗ ನೋವಾಗಲಿ ಬಿಡು. ನೋವು ಇದೆ ಅಂದ ಮಾತ್ರಕ್ಕೆ ಕ್ಷಮೆ ಸಿಕ್ಕಿಲ್ಲ ಅಂತಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಮಂಡ್ಯದವರೇ, ಪಾಠ ಬೇಡ ಅಂದಿದ್ದೀರಿ. ಆದರೆ ನೀವು ಬರೆದದ್ದರಲ್ಲಿ ಒಂದು ಪದ ಓದಿ ನಾನು ಎದ್ದು ಕೂತೆ. ಅದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಂಗಡಿಯವರು "ತೀರಿತು" ಅಂದರು ಅಂತ ಬರೆದಿದ್ದೀರಿ. ನಾವು ಸಿಎಸ್‌ಐನವರು, ಪ್ರೊಟೆಸ್ಟಂಟ್ ಪಂಗಡದವರು. ನಾವು ಓದುತ್ತಾ ಬೆಳೆದ ಹಳೆಯ ಕನ್ನಡ ಬೈಬಲಿನಲ್ಲಿ ಯೇಸು ಶಿಲುಬೆ ಮೇಲೆ ಪ್ರಾಣ ಬಿಡುವಾಗ ಆಡುವ ಮಾತು ಅದೇ. "ತೀರಿತು." ಗ್ರೀಕ್ ಮಾತಿನ ಮೊದಲ ಅರ್ಥ "ಪೂರ್ತಿಯಾಯಿತು" ಅಂತ. ಆದರೆ ಕನ್ನಡದಲ್ಲಿ ಕೆಲಸವೂ ತೀರುತ್ತದೆ, ಸಾಲವೂ ತೀರುತ್ತದೆ. ಅರವತ್ತು ವರ್ಷದಿಂದ ಶುಭ ಶುಕ್ರವಾರ ಆ ಮಾತು ಕೇಳುತ್ತಿದ್ದೇನೆ. ಗಿರವಿ ಅಂಗಡಿಯ ಕಟ್ಟೆ ಮೇಲೆ ಅದು ಕೇಳಿಸುತ್ತದೆ ಅಂತ ಇವತ್ತೇ ಗೊತ್ತಾಗಿದ್ದು.

ಬೈಬಲಿನ ಮೋಶೆಯ ನಿಯಮದಲ್ಲಿ ವಿಮೋಚನೆ ಹೊಲ, ಸಾಲ, ಬಂಧುಗಳ ವಿಷಯದಲ್ಲೂ ಬರುತ್ತದೆ. ಯಾಜಕಕಾಂಡದ 25ನೇ ಅಧ್ಯಾಯ ನೋಡಿ. ಒಬ್ಬ ಬಡತನಕ್ಕೆ ಬಿದ್ದು ಹೊಲ ಮಾರಿದರೆ ಹತ್ತಿರದ ಬಂಧು ಬಂದು ಅದನ್ನು ಬಿಡಿಸಬಹುದು. ತನ್ನನ್ನೇ ಮಾರಿಕೊಂಡಿದ್ದರೆ ಅವನನ್ನೂ ಬಿಡಿಸಬಹುದು. ಯಾರೂ ಬರದಿದ್ದರೆ 50ನೇ ವರ್ಷದಲ್ಲಿ ಹೊಲ ತಾನಾಗಿ ಮನೆಗೆ ಮರಳಬೇಕು. ನಮ್ಮ ಕಡೆ ಭೋಗ್ಯಕ್ಕೆ ಹಾಕಿದ ಗದ್ದೆಯನ್ನು ಅಣ್ಣನೋ ಚಿಕ್ಕಪ್ಪನೋ ಬಿಡಿಸಿಕೊಡುತ್ತಾರಲ್ಲ, ಅದೇ ಚಿತ್ರ.

ರೂತಳ ಕಥೆಯಲ್ಲಿ ಇನ್ನೂ ಚೆನ್ನಾಗಿದೆ. ಬೋವಜ ಅವಳ ತೀರಿಹೋದ ಗಂಡನ ಕಡೆಯ ಬಂಧು. ಅವನಿಗಿಂತ ಹತ್ತಿರದ ಬಂಧು ಒಬ್ಬ ಇರುತ್ತಾನೆ. ಹೊಲ ಅಂದಾಗ ಬಿಡಿಸುತ್ತೇನೆ ಅನ್ನುತ್ತಾನೆ. ಜೊತೆಗೆ ವಿಧವೆ ರೂತಳ ಜವಾಬ್ದಾರಿಯೂ ಬರುತ್ತದೆ ಅಂದ ತಕ್ಷಣ ನನ್ನ ಆಸ್ತಿಗೆ ತೊಂದರೆ ಅಂತ ಹಿಂದೆ ಸರಿದು, ಹಕ್ಕು ಬಿಟ್ಟೆ ಅನ್ನುವ ಗುರುತಿಗೆ ಕೆರ ಬಿಚ್ಚಿ ಕೊಡುತ್ತಾನೆ. ಬೋವಜ ಮುಂದೆ ಬರುತ್ತಾನೆ. ಬಿಡಿಸುವವನಿಗೆ ದುಡ್ಡಿದ್ದರೆ ಸಾಲದು, ನಷ್ಟ ಮಾಡಿಕೊಳ್ಳಲು ಮನಸ್ಸಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅವನು ಬಂಧು ಆಗಿರಬೇಕು. ದೇವರು ಮನುಷ್ಯನಾಗಿ ಹುಟ್ಟಿದ್ದು ಯಾಕೆ ಅಂತ ಮಕ್ಕಳು ಕೇಳಿದಾಗ ನಾನು ಈ ಕಥೆಯನ್ನೇ ಹೇಳುತ್ತಿದ್ದೆ. ನಮಗೆ ಬಂಧು ಆಗಲು ಬಂದರು.

ಯೇಸು ತಾನು ಬಂದದ್ದು ಅನೇಕರನ್ನು ಬಿಡಿಸಲು ತನ್ನ ಪ್ರಾಣವನ್ನು "ಈಡು" ಕೊಡುವುದಕ್ಕೆ ಅಂತ ಮಾರ್ಕನ ಸುವಾರ್ತೆಯಲ್ಲಿ ಇದೆ. ಈಡು ಅಂದರೆ ಬಿಡಿಸಲು ತೆರುವ ಬೆಲೆ. ಅದು ಯಾರಿಗೆ ಕೊಟ್ಟದ್ದು? ಈ ಪ್ರಶ್ನೆಗೆ ಸಭೆಯ ಹಿರಿಯರು ಜಗಳವನ್ನೇ ಆಡಿದ್ದಾರೆ. ಮೂರನೇ ಶತಮಾನದ ಒರಿಜನ್ ಸೈತಾನನಿಗೆ ಅಂದರು. ನಾಲ್ಕನೇ ಶತಮಾನದಲ್ಲಿ ನಾಜಿಯಾನ್ಸಸ್‌ನ ಗ್ರೆಗರಿ, ಕಳ್ಳನಿಗೆ ದೇವರು ದಂಡ ಕಟ್ಟುವುದೇ ಅಂತ ಸಿಟ್ಟಾದರು. 1098ರ ಹೊತ್ತಿಗೆ ಆನ್ಸೆಲ್ಮ್, ಇಲ್ಲ, ಸಲ್ಲಬೇಕಾದ ಗೌರವವನ್ನು ದೇವರಿಗೇ ಸಲ್ಲಿಸಿದ್ದು ಅಂತ ವಿವರಿಸಿದರು. ನನಗೆ ಗ್ರೆಗರಿಯವರ ಸಿಟ್ಟು ಇಷ್ಟ. ಹೋಲಿಕೆಯನ್ನು ಕೊನೆಯ ಪೈಸೆವರೆಗೆ ಎಳೆದರೆ ಹರಿದುಹೋಗುತ್ತದೆ. ನಿಮ್ಮ ಕಥೆಯಲ್ಲಿ ದುಡ್ಡು ತೆಗೆದುಕೊಂಡ ಅಂಗಡಿಯವರು ಮುಖ್ಯ ಅಲ್ಲ. ಹಸು ಮಾರಿದ ಅವ್ವ ಮುಖ್ಯ.

ಮದ್ದೂರಿನ ಓದುಗ

ನಾನು ಕ್ರೈಸ್ತ ಅಲ್ಲ. ಇಲ್ಲಿ ಬರೆಯಬಹುದು ಅಂದುಕೊಳ್ಳುತ್ತೇನೆ. ಮಂಡ್ಯದವರ ಅವ್ವನ ಬಗ್ಗೆ ಓದಿ ನಮ್ಮ ಅವ್ವ ನೆನಪಾದರು. ಅವರೂ ನನ್ನ ಕಾಲೇಜಿನ ಫೀಸಿಗೆ ಓಲೆ ಇಟ್ಟಿದ್ದರು. ಬಿಡಿಸಲು ಆಗಲೇ ಇಲ್ಲ.

ಒಂದು ಸಂದೇಹ ಇದೆ, ತಪ್ಪು ತಿಳಿಯಬೇಡಿ. ಮಾಡಿದ್ದನ್ನು ಮಾಡಿದವನೇ ಉಣ್ಣಬೇಕು ಅಂತ ಕೇಳಿ ಬೆಳೆದವನು ನಾನು. ನನ್ನ ತಪ್ಪಿಗೆ ಬೇರೆಯವರು ತೆತ್ತರೆ ನಾನು ಬದಲಾಗುವುದು ಹೇಗೆ? ಇನ್ನೊಂದು. ತಪ್ಪು ಮಾಡಿದವನಿಗೂ ದೇವರಿಗೂ ಲೆಕ್ಕ ಚುಕ್ತಾ ಆಯಿತು ಅನ್ನಿ. ನಡುವೆ ನೊಂದವರು ಒಬ್ಬರು ಇರುತ್ತಾರಲ್ಲ, ಅವರ ಲೆಕ್ಕ?

ಹೆಸರು ಬೇಡ

ಮದ್ದೂರಿನವರೇ, ಆ ನಡುವೆ ಇರುವವಳು ನಾನು.

ಎರಡು ದಿನದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಬರೆಯಬಾರದು ಅಂದುಕೊಂಡಿದ್ದೆ.

ನಮ್ಮಣ್ಣ ಕುಡಿಯುತ್ತಿದ್ದ. ನನ್ನ ಮದುವೆಗೆ ಅಂತ ಅಪ್ಪ ಮಾಡಿಸಿಟ್ಟಿದ್ದ ಸರ, ಜುಮುಕಿ ಎಲ್ಲಾ ಒಂದೊಂದಾಗಿ ಹೋಯಿತು. ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಅಪ್ಪ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದರು. ಹೊಡೆದಿದ್ದಾನೆ ಕೂಡ.

ಆಮೇಲೆ ಅವನು ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದ. ಕುಡಿತ ಬಿಟ್ಟ. ಅದು ನಿಜ, ನಾಲ್ಕು ವರ್ಷದಿಂದ ಮುಟ್ಟಿಲ್ಲ. ಅದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತೇನೆ. ಒಂದು ಭಾನುವಾರ ಅವನು ವೇದಿಕೆ ಮೇಲೆ ನಿಂತು ಸಾಕ್ಷಿ ಹೇಳಿದ. "ತಂಗಿಯ ಒಡವೆ ಕೂಡ ಕುಡಿದು ಹಾಳು ಮಾಡಿದ ಪಾಪಿ ನಾನು, ಕರ್ತನು ಎಲ್ಲವನ್ನೂ ತೊಳೆದುಬಿಟ್ಟನು" ಅಂದ. ಎಲ್ಲರೂ ಹಲ್ಲೆಲೂಯ ಅಂದರು. ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದೆ. ಇನ್ನೂರು ಜನರ ಮುಂದೆ ಹೇಳಿದ ಮಾತನ್ನು ಅವನು ಅಡುಗೆಮನೆಗೆ ಬಂದು ನನ್ನ ಹತ್ತಿರ ಒಂದು ಸಲವೂ ಹೇಳಿಲ್ಲ. ನಾನು ಕೇಳಿದಾಗ, "ದೇವರೇ ಕ್ಷಮಿಸಿದ ಮೇಲೆ ನೀನು ಯಾಕೆ ಹಳೆಯದು ಎತ್ತುತ್ತೀಯ, ಅದು ಸೈತಾನನ ಕೆಲಸ" ಅಂದ.

ನನಗೆ ಒಡವೆ ಬೇಕಾಗಿಲ್ಲ. ಆದರೆ ಅವನ ವಿಮೋಚನೆಯ ಕಥೆಯಲ್ಲಿ ನಾನು ಅವನು ಎಷ್ಟು ಕೆಟ್ಟಿದ್ದ ಅಂತ ತೋರಿಸಲು ಒಂದು ಉದಾಹರಣೆ ಅಷ್ಟೇ. ಅದು ತುಂಬಾ ನೋವಾಗುತ್ತದೆ. ನನಗೆ ಕ್ಷಮಿಸುವ ಮನಸ್ಸಿಲ್ಲ ಅಂತ ಸಭೆಯವರೂ ನನ್ನನ್ನೇ ನೋಡುತ್ತಾರೆ. ಬೇಳೆ ಬೇಯಿಸಿದ್ದು ಅವನು, ಹೊಗೆ ಕುಡಿಯುತ್ತಿರುವುದು ನಾನು.

ಮಂಡ್ಯದ ತಮ್ಮಾ, ನಿನ್ನನ್ನು ಬೈಯುತ್ತಿಲ್ಲ. ಒಂದೇ ಕೇಳುತ್ತೇನೆ. ಬಸ್ಸಿನಲ್ಲಿ "ನಾನೇ ಇಟ್ಟಿದ್ದು" ಅಂದೆಯಲ್ಲ, ಆಮೇಲೆ ಯಾವತ್ತಾದರೂ ಅವ್ವನ ಹತ್ತಿರ ತಪ್ಪಾಯ್ತು ಅಂತ ಹೇಳಿದ್ದೀಯಾ?

ಮಂಡ್ಯದ ಮಗ

ಇಲ್ಲ ಅಕ್ಕ. ಹೇಳಿಲ್ಲ.

ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಇಲ್ಲಿ, ಮುಖ ನೋಡದ ನಿಮಗೆಲ್ಲ ಹೇಳಿದ್ದೇನೆ. ಅವ್ವನಿಗೆ ಹೇಳಿಲ್ಲ. ಅವಳಿಗೆ ಗೊತ್ತಿದೆ ಅಂದುಕೊಂಡು ಸುಮ್ಮನಿದ್ದೆ. ನಿಮ್ಮ ಪ್ರಶ್ನೆ ಓದಿ ಫೋನು ಕೆಳಗಿಟ್ಟು ಹೊರಗೆ ಹೋಗಿ ಬಂದೆ. ಇನ್ನೇನು ಬರೆಯಬೇಕು ಗೊತ್ತಾಗುತ್ತಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಹೆಸರು ಬೇಡ ಅಂದ ತಂಗಿ, ನಿಮ್ಮ ಮಾತು ಓದಿದ ಮೇಲೆ ನಾನು ಮೊದಲು ಬರೆದದ್ದನ್ನು ಮತ್ತೆ ಓದಿದೆ. ಈಡು ದೇವರಿಗೋ ಸೈತಾನನಿಗೋ ಅಂತ ಅಷ್ಟುದ್ದ ಬರೆದೆ. ನೊಂದವರ ಬಗ್ಗೆ ಒಂದು ಸಾಲೂ ಇಲ್ಲ. ಕ್ಷಮಿಸಿ.

ನಿಮ್ಮ ಅಣ್ಣನ ಮಾತು ಸರಿಯಿಲ್ಲ. ಬೆಟ್ಟದ ಪ್ರಸಂಗದಲ್ಲಿ ಯೇಸು ಹೇಳಿರುವುದು ಇದಕ್ಕೆ ಪೂರ್ತಿ ವಿರುದ್ಧ. ನೀನು ಕಾಣಿಕೆ ತಂದು ಬಲಿಪೀಠದ ಮುಂದೆ ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ನೋವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಮೊದಲು ಅವನ ಜೊತೆ ಒಂದಾಗು, ಆಮೇಲೆ ಬಾ. ಮತ್ತಾಯನ ಸುವಾರ್ತೆ 5ನೇ ಅಧ್ಯಾಯ. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ಅಂದರೆ ವೇದಿಕೆಗಿಂತ ಮೊದಲು ಅಡುಗೆಮನೆ.

ಮದ್ದೂರಿನವರು ಕೇಳಿದ್ದಕ್ಕೂ ಇಲ್ಲೇ ಉತ್ತರ ಸಿಗಬಹುದು. ಜಕ್ಕಾಯ ಅಂತ ಒಬ್ಬ ಸುಂಕದವನು ಇದ್ದ. ಜನರನ್ನು ಹಿಂಡಿ ಸಾಹುಕಾರ ಆದವನು. ಯೇಸುವನ್ನು ನೋಡಲು ಮರ ಹತ್ತಿದ. ಯೇಸು ನಿಂತು, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಮೊದಲು ನೀನು ಸರಿಹೋಗು ಅನ್ನಲಿಲ್ಲ. ಆದರೆ ಆಮೇಲೆ ಏನಾಯಿತು ನೋಡಿ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡವರಿಗೆ ನಾಲ್ಕರಷ್ಟು ವಾಪಸ್ ಅಂದ. ಕುರಿ ಕದ್ದವನು ಒಂದಕ್ಕೆ ನಾಲ್ಕು ಕೊಡಬೇಕು ಅಂತ ವಿಮೋಚನಕಾಂಡದಲ್ಲಿ ನಿಯಮ ಇದೆ, ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ಬೇರೆಯವರು ತೆತ್ತರೆ ನಾನು ಬದಲಾಗುವುದು ಹೇಗೆ ಅಂತ ಕೇಳಿದಿರಿ. ಅವನು ಹಾಗೆ ಬದಲಾದ. ಶಿಕ್ಷೆಯ ಹೆದರಿಕೆಗೆ ಬಿಚ್ಚದ ಗಂಟು ಒಂದು ಊಟಕ್ಕೆ ಬಿಚ್ಚಿತು.

ಕೊಟ್ಟದ್ದರಿಂದ ಜಕ್ಕಾಯನಿಗೆ ವಿಮೋಚನೆ ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಅದು ಮೊದಲೇ ಬಾಗಿಲಿಗೆ ಬಂದಿತ್ತು. ಆದರೆ ನಾಲ್ಕರಷ್ಟು ಲೆಕ್ಕ ಇಲ್ಲದೆ ಆ ಕಥೆ ಮುಗಿಯುವುದೂ ಇಲ್ಲ. ಅವನ ಊರು ಜೆರಿಕೋದಲ್ಲಿ ಅವನಿಂದ ನೊಂದ ಯಾವುದೋ ವಿಧವೆಯ ಬಾಗಿಲನ್ನೂ ಅವನು ಹೋಗಿ ತಟ್ಟಬೇಕಾಗಿತ್ತು.

ಕೋಟೆ ಹುಡುಗ

ನಾನು ಎಚ್.ಡಿ. ಕೋಟೆ ಕಡೆಯವನು, ಈಗ ಮೈಸೂರಿನಲ್ಲಿ ಕೆಲಸ. ವಿಮೋಚನೆ ಅಂದರೆ ಬರೀ ಒಳಗಿನ ಪಾಪದ ವಿಷಯ ಅನ್ನುವ ಹಾಗೆ ಮಾತು ಹೋಗುತ್ತಿತ್ತು. ಜೆರಿಕೋದ ವಿಧವೆ ಬಂದಳು, ಒಳ್ಳೆಯದಾಯಿತು. ನಮ್ಮ ತಾತನ ವಿಷಯವನ್ನೂ ಸೇರಿಸುತ್ತೇನೆ.

ತಾತ ಜೀತಕ್ಕಿದ್ದರು. ಮದುವೆ ಖರ್ಚಿಗೆ ಮಾಡಿದ ಚಿಕ್ಕ ಸಾಲಕ್ಕೆ. ಬಡ್ಡಿಗೆ ದುಡಿಮೆ, ಅಸಲು ಹಾಗೇ. ಅಪ್ಪನೂ ಎಂಟು ವರ್ಷದವನಿದ್ದಾಗ ಅದೇ ಮನೆಯ ದನ ಕಾಯಲು ಸೇರಿದ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು. ಸಾಲ ಅಳಿಸಿ ಹೋಯಿತು ಅಂತ ಕಾಗದ ಹೇಳಿತು. ತಾತ ಹೊರಗೆ ಬಂದರು.

ಆದರೆ ಹೊರಗೆ ಏನಿತ್ತು? ಹೊಲ ಇಲ್ಲ, ಮನೆ ಇಲ್ಲ, ನಾಳೆಗೆ ಹಿಟ್ಟಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಮನೆಗೆ ತಿರುಗಿ ಹೋಗಿಬಿಡೋಣ ಅನ್ನಿಸಿತ್ತಂತೆ. ಅಲ್ಲಿ ಬೈಗುಳ ಇದ್ದರೂ ಮುದ್ದೆ ಇತ್ತು ಅನ್ನುತ್ತಿದ್ದರು.

ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ, ಇಸ್ರಯೇಲರು ಈಜಿಪ್ಟಿನ ಗುಲಾಮಗಿರಿ ಬಿಟ್ಟು ಕೆಂಪು ಸಮುದ್ರ ದಾಟುವ ಭಾಗವನ್ನು ಓದುತ್ತಾರೆ. ಬೇರೆ ಓದುಗಳನ್ನು ಕಡಿಮೆ ಮಾಡಿದರೂ ಅದನ್ನು ಬಿಡುವ ಹಾಗಿಲ್ಲ. ನನಗೆ ಆಗೆಲ್ಲ ತಾತ ನೆನಪಾಗುತ್ತಾರೆ. ಸಮುದ್ರ ದಾಟಿದವರು ಮರುಭೂಮಿಯಲ್ಲಿ ಅತ್ತದ್ದು ಯಾವುದಕ್ಕೆ ಗೊತ್ತಾ? ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗೆ. ಅದನ್ನು ಪ್ರಸಂಗದಲ್ಲಿ ಕೃತಘ್ನತೆ ಅಂತ ಹೇಳುತ್ತಾರೆ. ನನಗೆ ಹಾಗೆ ಓದಲು ಆಗುವುದಿಲ್ಲ. ಹಸಿದವರ ಮಾತು ಅದು. ಬಿಡುಗಡೆ ಒಂದೇ ರಾತ್ರಿಯಲ್ಲಿ ಆಯಿತು, ಬಿಡುಗಡೆಯಾದವರ ಹಾಗೆ ಬದುಕಲು ನಲವತ್ತು ವರ್ಷ ಹಿಡಿಯಿತು.

ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿ ಒಂದು ನಿಯಮ ಇದೆ. ಗುಲಾಮನನ್ನು ಬಿಡುವಾಗ ಬರಿಗೈಯಲ್ಲಿ ಕಳಿಸಬೇಡ. ನಿನ್ನ ಹಿಂಡಿನಿಂದ, ನಿನ್ನ ಕಣದಿಂದ, ನಿನ್ನ ದ್ರಾಕ್ಷಿಯ ಆಲೆಯಿಂದ ಧಾರಾಳವಾಗಿ ಕೊಡು. ಯಾಕೆ ಅಂದರೆ ನೀನೂ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಕರ್ತರು ನಿನ್ನನ್ನು ಬಿಡಿಸಿದರು. ನಮ್ಮ ತಾತನಿಗೆ ಕಣದಿಂದ ಯಾರೂ ಕೊಡಲಿಲ್ಲ. ಊರಿನಲ್ಲಿದ್ದ ಒಬ್ಬ ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಎರಡು ಕುರಿಮರಿ ಕೊಡಿಸಿದರಂತೆ. ಅಲ್ಲಿಂದ ನಮ್ಮ ಮನೆ ಎದ್ದಿತು. ಯೇಸುಸ್ವಾಮಿ ಯಾರು ಅಂತ ತಾತ ಕೇಳಿದ್ದು ಅದಾದ ಎಷ್ಟೋ ವರ್ಷಕ್ಕೆ. ನಮ್ಮ ಮನೆಯಲ್ಲಿ ವಿಮೋಚನೆ ಅಂದರೆ ಮೊದಲು ನೆನಪಾಗುವುದು ಆ ಎರಡು ಮರಿ.

ಅಶೋಕ ರಸ್ತೆ ಅಕ್ಕ

ಹೆಸರು ಬೇಡ ಅಂದ ತಂಗಿ, ನಿನ್ನ ಹತ್ತಿರ ಎರಡು ಮಾತು.

ಕ್ಷಮಿಸು ಕ್ಷಮಿಸು ಅಂತ ನಾನು ಹೇಳುವುದಿಲ್ಲ. ಗಾಯ ತೊಳೆಯದೆ ಬ್ಯಾಂಡೇಜ್ ಸುತ್ತಿದರೆ ಒಳಗೆ ಕೀವು ಕಟ್ಟುತ್ತದೆ. ಮೂವತ್ತು ವರ್ಷ ನೋಡಿದ್ದೇನೆ. ನೀನು ಕೇಳುತ್ತಿರುವುದು ತೊಳೆಯಿರಿ ಅಂತ. ಅದು ಸೈತಾನನ ಕೆಲಸ ಅಲ್ಲ.

ಇನ್ನೊಂದು. ನಿನ್ನ ಬಿಡುಗಡೆ ನಿನ್ನ ಅಣ್ಣನ ಬಾಯಿಗೆ ಕಟ್ಟಿ ಹಾಕಿಲ್ಲ. ಅವನು ಇವತ್ತು ಬಂದು ತಪ್ಪಾಯ್ತು ಅನ್ನಲಿ, ಹತ್ತು ವರ್ಷ ಬಿಟ್ಟು ಅನ್ನಲಿ, ಅನ್ನದೇ ಹೋಗಲಿ. ಏಟು ತಿಂದು, ಮುಳ್ಳು ಚುಚ್ಚಿಸಿಕೊಂಡು ಶಿಲುಬೆ ಮೇಲೆ ಇದ್ದವರು ಮೊದಲು ನಿನ್ನ ಕಡೆಯವರು. ನಾನು ಶಿಲುಬೆ ಹಾದಿಯ ಹದಿನಾಲ್ಕು ಸ್ಥಳ ಮಾಡುವಾಗ ಆರನೇ ಸ್ಥಳದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ವೆರೋನಿಕ ಮುಖ ಒರೆಸುವ ಕಡೆ. ನೊಂದ ಮುಖಕ್ಕೆ ಒಬ್ಬರಾದರೂ ಬಟ್ಟೆ ಹಿಡಿಯಬೇಕಲ್ಲ. ಮೈಸೂರಿಗೆ ಬಂದರೆ ಬಾ. ಕಾಫಿ ಕುಡಿಯೋಣ.

ಮದ್ದೂರಿನ ಓದುಗ

ಮೇಷ್ಟ್ರೇ, ಉತ್ತರಕ್ಕೆ ನಮಸ್ಕಾರ. ಎಲ್ಲವನ್ನೂ ಒಪ್ಪಿದೆ ಅಂತ ಹೇಳಲಾರೆ. ಮಾಡಿದ್ದು ಬೆನ್ನು ಬಿಡುವುದಿಲ್ಲ ಅನ್ನುವುದೇ ಇನ್ನೂ ನನ್ನ ನಂಬಿಕೆ. ಆದರೆ ನೀವೂ ಜಕ್ಕಾಯನ ಲೆಕ್ಕವನ್ನು ಬಿಡಲಿಲ್ಲವಲ್ಲ, ಅದು ಮನಸ್ಸಿಗೆ ಹಿಡಿಸಿತು. ಕೋಟೆಯವರ ಎರಡು ಕುರಿಮರಿಯನ್ನು ಮರೆಯುವುದಿಲ್ಲ.

ಹೆಸರು ಬೇಡ

ಅಕ್ಕ, ನಿಮ್ಮ ಮಾತು ಓದಿ ತುಂಬಾ ಅತ್ತೆ. ಬಹಳ ದಿನದ ಮೇಲೆ.

ಕಾಣಿಕೆ ಬಿಟ್ಟು ಹೋಗು ಅನ್ನುವ ಆ ವಚನವನ್ನು ಅಣ್ಣನಿಗೆ ಕಳಿಸೋಣ ಅಂತ ಫೋನಿನಲ್ಲಿ ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ನಾನು ಕಳಿಸಿದರೆ ಅದು ಜಗಳ ಆಗುತ್ತದೆ. ಅವನಿಗೆ ಅದು ತಾನಾಗಿ ನೆನಪಾಗಬೇಕು, ಬಲಿಪೀಠದ ಮುಂದೆ ನಿಂತವನಿಗೆ ಆದ ಹಾಗೆ. ಆಗಲಿ ಅಂತ ಪ್ರಾರ್ಥನೆ ಮಾಡುತ್ತೇನೆ. ಆದರೆ ಆ ಕೂಟಕ್ಕೆ ಇನ್ನು ಹೋಗುವುದಿಲ್ಲ. ಈ ಭಾನುವಾರ ಅಪ್ಪ ಕರೆದುಕೊಂಡು ಹೋಗುತ್ತಿದ್ದ ಹಳೆಯ ಚರ್ಚಿಗೆ ಹೋಗಿದ್ದೆ. ನಾನು ಯಾರು ಅಂತ ಗೊತ್ತಿಲ್ಲದ ಒಬ್ಬ ಅಜ್ಜಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಸದ್ಯಕ್ಕೆ ನನಗೆ ಅಷ್ಟು ಸಾಕು.

ಮಂಡ್ಯದ ತಮ್ಮಾ, ಏನಾಯಿತು ಅಂತ ಹೇಳು.

ಮಂಡ್ಯದ ಮಗ

ಅಕ್ಕ, ಹೇಳಿದೆ. ಭಾನುವಾರ ಪೂಜೆ ಮುಗಿಸಿ ಊರಿಗೆ ಹೋದೆ. ಅವ್ವ ಜಗುಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹಿತುಕಲು ಶುರು ಮಾಡಿದೆ. ಅರ್ಧ ಬೋಗುಣಿ ಆಗುವವರೆಗೂ ಬಾಯಿ ಬರಲಿಲ್ಲ. ಆಮೇಲೆ ಹೇಳಿದೆ. "ಅವ್ವ, ಬಳೆ ವಿಷಯದಲ್ಲಿ ತಪ್ಪಾಯ್ತು. ಡೋರ್ನಹಳ್ಳಿಯಲ್ಲಿ ನಿನ್ನ ಪಕ್ಕ ಸುಮ್ನೆ ನಿಂತಿದ್ದೆನಲ್ಲ, ಅದು ಇನ್ನೂ ದೊಡ್ಡ ತಪ್ಪು."

ಅವ್ವನ ಕೈ ನಿಂತಿತು. ನಾನು ಬಳೆ ಬಗ್ಗೆ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ. "ಬಳೆ ಬುಡು. ಕೆಂಪಿ ಹೋಗುವಾಗ ತಿರುಗಿ ತಿರುಗಿ ನೋಡ್ತು ಕಣೋ. ಆವತ್ತಿಂದ ನಾನು ಆ ಕೊಟ್ಟಿಗೆ ಕಡೆ ಸರಿಯಾಗಿ ನೋಡಿಲ್ಲ."

ಇಷ್ಟು ವರ್ಷ ಕೊಟ್ಟಿಗೆ ನೋಡಿ ನೊಂದದ್ದು ನಾನೊಬ್ಬನೇ ಅಂದುಕೊಂಡಿದ್ದೆ. ಅವಳೂ ನೋಯುತ್ತಿದ್ದಳು. ಒಂದೇ ಮನೆಯವರಾಗಿ ಇಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ. ಬಳೆ ಬಿಡಿಸಿದ್ದಕ್ಕೆ ಅವಳು ತೆತ್ತದ್ದು 85,400 ಅಂತ ನಾನು ಲೆಕ್ಕ ಇಟ್ಟಿದ್ದೆ. ಆ ಹಸು ತಿರುಗಿ ನೋಡಿದ್ದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಕೆಂಪಿಯನ್ನು ಕೊಂಡವರು ಪಾಂಡವಪುರದ ಕಡೆಯವರು. ವಿಚಾರಿಸಿ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಕೆಂಪಿ ಹೋದ ವರ್ಷ ತೀರಿಹೋಯಿತಂತೆ. ಅವತ್ತು ಜೊತೆಯಲ್ಲಿ ಹೋಗಿದ್ದ ಕರು ಈಗ ಅವರ ಮನೆಯ ದೊಡ್ಡ ಹಸು. ಅದಕ್ಕೆ ಒಂದು ಹೆಣ್ಣು ಕರು ಇದೆ, ಬಣ್ಣ ಥೇಟ್ ಕೆಂಪಿ ಅಂದರು. ಕೊಡುತ್ತೀರಾ ಅಂತ ಕೇಳಿದೆ. ಬಂದು ನೋಡಿ, ಮಾತಾಡೋಣ ಅಂದಿದ್ದಾರೆ. ಎಷ್ಟು ಕೇಳುತ್ತಾರೋ ಗೊತ್ತಿಲ್ಲ. ಸಂಬಳದಲ್ಲಿ ಕೂಡಿಟ್ಟದ್ದು ಸ್ವಲ್ಪ ಇದೆ.

ಶನಿವಾರ ಹೊರಟಿದ್ದೇವೆ. ಅವ್ವ ನಿನ್ನೆ ಸಂಜೆ ಕೊಟ್ಟಿಗೆ ಗುಡಿಸಿ ಹಳೆಯ ಹಗ್ಗ ತೆಗೆದು ಹೊಸದು ಕಟ್ಟಿದ್ದಾಳೆ.